ಬಹುಮಾನ ಹಂಚುವ ಕೆಲಸ ನನ್ನ ಪಾಲಿಗೆ ಬಂದಿದೆ. ಇದರಿಂದ ಶಿಕ್ಷಕರ ಬದ್ಧತೆ ಹೆಚ್ಚುತ್ತದೆಯೇ?

ಪ್ರಶ್ನೆ ಕೇಳಿದವರು: ಹೊಸ ಮುಖ್ಯೋಪಾಧ್ಯಾಯಿನಿ

ಇಷ್ಟು ವರ್ಷ ಗಣಿತ ಕಲಿಸಿದ ಶಾಲೆಗೇ ಈ ವರ್ಷ ಮುಖ್ಯೋಪಾಧ್ಯಾಯಿನಿಯಾಗಿದ್ದೇನೆ. ಮೊದಲ ಸಭೆಯಲ್ಲೇ ಆಡಳಿತ ಮಂಡಳಿಯವರು ಒಂದು ಕಡತವನ್ನು ಕೈಗಿತ್ತರು. ವರ್ಷದ ಕೊನೆಗೆ ಮೂವರು ಉತ್ತಮ ಶಿಕ್ಷಕರನ್ನು ಆರಿಸಬೇಕು. ಅವರಿಗೆ ಒಂದು ತಿಂಗಳ ಮೂಲ ವೇತನದಷ್ಟು ಪ್ರೋತ್ಸಾಹಧನ ಮತ್ತು ವೇದಿಕೆಯ ಮೇಲೆ ಪ್ರಮಾಣಪತ್ರ. ಆಯ್ಕೆಗೆ ಒಟ್ಟು 100 ಅಂಕ: ಪರೀಕ್ಷಾ ಫಲಿತಾಂಶಕ್ಕೆ 60, ಹಾಜರಾತಿಗೆ 20, ಮುಖ್ಯೋಪಾಧ್ಯಾಯರ ಅಭಿಪ್ರಾಯಕ್ಕೆ 20. ಉದ್ದೇಶವನ್ನೂ ಬರೆದಿದ್ದಾರೆ: ಶಿಕ್ಷಕರ ವೃತ್ತಿಬದ್ಧತೆಯನ್ನು ಹೆಚ್ಚಿಸುವುದು, ಅವರು ಶಾಲೆ ಬಿಟ್ಟು ಹೋಗುವುದನ್ನು ತಡೆಯುವುದು.

ಮನೆಗೆ ಹೋಗಿ ಆ ಅಂಕಪಟ್ಟಿಯಲ್ಲಿ ನಮ್ಮ ಸಿಬ್ಬಂದಿಯ ಹೆಸರುಗಳನ್ನು ತುಂಬಿ ನೋಡಿದೆ. ನಮ್ಮ ಭೌತಶಾಸ್ತ್ರದ ಶಿಕ್ಷಕರು ಪ್ರತಿ ವರ್ಷ ಗೆಲ್ಲುತ್ತಾರೆ. ಅವರು ಒಳ್ಳೆಯ ಶಿಕ್ಷಕರೇ, ಆದರೆ ಅವರಿಗೆ ಸಿಗುವುದು ಆಯ್ದ ಮಕ್ಕಳ ಸೆಕ್ಷನ್. ಆರನೇ ತರಗತಿಗೆ ಬಂದರೂ ಅಕ್ಷರ ಕೂಡಿಸಿ ಓದಲಾರದ ಮಕ್ಕಳನ್ನು ವರ್ಷದೊಳಗೆ ಕಥೆ ಓದುವ ಮಟ್ಟಕ್ಕೆ ತರುವ ಭಾಷಾ ಶಿಕ್ಷಕಿಯೊಬ್ಬರಿದ್ದಾರೆ. ಆ ಮಕ್ಕಳು 15ರಿಂದ 38 ಅಂಕಕ್ಕೆ ಏರಿದರೂ ಫಲಿತಾಂಶದ ಕಾಲಂನಲ್ಲಿ ಅದು ಕಳಪೆ ಎಂದೇ ನಮೂದಾಗುತ್ತದೆ. ದೈಹಿಕ ಶಿಕ್ಷಣದವರಿಗೂ ಗ್ರಂಥಪಾಲಕರಿಗೂ ಈ ಪಟ್ಟಿಯಲ್ಲಿ ಜಾಗವೇ ಇಲ್ಲ.

ಕಳೆದ ವರ್ಷ ಇಬ್ಬರು ಬಿಟ್ಟು ಹೋದರು. ಒಬ್ಬರಿಗೆ ಬೇರೆಡೆ ಹೆಚ್ಚು ಸಂಬಳ ಸಿಕ್ಕಿತು, ಅದು ಅರ್ಥವಾಗುವ ಮಾತು. ಇನ್ನೊಬ್ಬರು ಸಮಾಜ ವಿಜ್ಞಾನದವರು, ಇಲ್ಲಿನಷ್ಟೇ ಸಂಬಳಕ್ಕೆ ಹೋದರು. ಆಗ ನಾನು ಅವರ ಸಹೋದ್ಯೋಗಿ, ಆದ್ದರಿಂದ ಮನಸ್ಸು ಬಿಚ್ಚಿ ಹೇಳಿದರು: "ನಾನು ಇಲ್ಲಿದ್ದೇನೆ ಎಂಬುದು ಬದಲಿ ಪೀರಿಯಡ್ ಹಾಕುವಾಗ ಮಾತ್ರ ಕಚೇರಿಗೆ ನೆನಪಾಗುತ್ತದೆ."

ಮುಖ್ಯಸ್ಥರು ಕೊಡುವ ಬಹುಮಾನದಿಂದ ಶಿಕ್ಷಕರಿಗೆ ಕೆಲಸದ ಮೇಲೆ ನಿಷ್ಠೆ ಬೆಳೆಯುತ್ತದೆಯೇ, ಅಥವಾ ಬಹುಮಾನ ಕೊಡುವವರ ಮೇಲೆ ಮಾತ್ರವೇ? ಮುಂದಿನ ತಿಂಗಳು ಮಂಡಳಿಗೆ ನನ್ನ ಅಭಿಪ್ರಾಯ ತಿಳಿಸಬೇಕು. ಅನುಭವ ಇರುವವರು ಹೇಳಿ. 'ಶಿಕ್ಷಕ ವೃತ್ತಿ ಪವಿತ್ರವಾದದ್ದು' ಎಂದು ಆರಂಭವಾಗುವ ಉತ್ತರಗಳು ಮಾತ್ರ ಬೇಡ, ಅಂಥ ಭಾಷಣಗಳ ದಾಸ್ತಾನು ನಮ್ಮಲ್ಲಿ ಬೇಕಾದಷ್ಟಿದೆ.

ಉತ್ತರ: ಗುತ್ತಿಗೆ ಶಿಕ್ಷಕ

ಮೇಡಂ, ಮೊದಲು ಒಂದು ಮಾತು. ಇಲ್ಲಿ ಇನ್ನು ಸ್ವಲ್ಪ ಹೊತ್ತಿನಲ್ಲಿ ಯಾರಾದರೂ ಬಂದು 'ಹಣಕ್ಕಿಂತ ಗೌರವ ದೊಡ್ಡದು' ಎನ್ನುತ್ತಾರೆ. ಹಾಗೆ ಹೇಳುವವರ ಸಂಬಳ ತಿಂಗಳ ಮೊದಲ ದಿನವೇ ಖಾತೆಗೆ ಬಿದ್ದಿರುತ್ತದೆ. ನನ್ನದು ಎರಡು ತಿಂಗಳಿಗೊಮ್ಮೆ ಬರುತ್ತದೆ. ಹೊಗಳಿಕೆಯಿಂದ ಬಾಡಿಗೆ ಕಟ್ಟಲಾಗುವುದಿಲ್ಲ.

ಪ್ರೋತ್ಸಾಹಧನ ಕೆಲಸ ಮಾಡುವುದಿಲ್ಲ ಎಂಬ ಮಾತೂ ಪೂರ್ತಿ ನಿಜವಲ್ಲ. ಆಂಧ್ರಪ್ರದೇಶದ ಗ್ರಾಮೀಣ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ 2005ರಿಂದ ಅರ್ಥಶಾಸ್ತ್ರಜ್ಞರಾದ ಕಾರ್ತಿಕ್ ಮುರಳೀಧರನ್ ಮತ್ತು ವೆಂಕಟೇಶ್ ಸುಂದರರಾಮನ್ ನಡೆಸಿದ ಪ್ರಯೋಗದಲ್ಲಿ ಬೋನಸ್ ಇದ್ದ ಶಾಲೆಗಳ ಮಕ್ಕಳು ಗಣಿತದಲ್ಲೂ ಭಾಷೆಯಲ್ಲೂ ಉಳಿದವರಿಗಿಂತ ಮುಂದಿದ್ದರು. ಬೋನಸ್‌ಗೆ ಸಂಬಂಧವೇ ಇರದ ವಿಷಯಗಳಲ್ಲೂ ಮುಂದಿದ್ದರು. ಮೊತ್ತವೇನೂ ಭಾರಿಯಲ್ಲ, ಸರಾಸರಿ ನೋಡಿದರೆ ವಾರ್ಷಿಕ ಸಂಬಳದ ಶೇಕಡಾ 3ರಷ್ಟು. ಆದ್ದರಿಂದ ಹಣ ಕೊಡಿ. ಕೊಡುವಾಗ ಯಾರನ್ನೂ ಬಿಡಬೇಡಿ.

ಉತ್ತರ: ನಿವೃತ್ತ ಮುಖ್ಯೋಪಾಧ್ಯಾಯ

ಮೇಲಿನ ಗೆಳೆಯರಿಗೆ ಮೊದಲು: ಸಂಬಳವನ್ನು ಸರಿಯಾದ ದಿನ ಕೊಡುವುದು ಬಹುಮಾನವಲ್ಲ, ಅದು ಬಾಕಿ ತೀರಿಸುವುದು. ಅದನ್ನು ಮಾಡದ ಶಾಲೆ ಬಹುಮಾನದ ಮಾತೆತ್ತುವುದೇ ನಾಚಿಕೆಗೇಡು. ಇಷ್ಟರಲ್ಲಿ ನಾವಿಬ್ಬರೂ ಒಂದೇ ಪಕ್ಷ.

ಮೇಡಂ, ನಿಮ್ಮ ಪ್ರಶ್ನೆಗೆ ಉತ್ತರವನ್ನು ಆ ಸಮಾಜ ವಿಜ್ಞಾನದ ಶಿಕ್ಷಕಿಯೇ ಕೊಟ್ಟು ಹೋಗಿದ್ದಾರೆ. ಬಹುಮಾನ ಹಂಚುವ ಅಧಿಕಾರ ಈಗ ಕಡತದ ಜೊತೆಗೆ ಬಂದಿತು ಎಂದು ನೀವು ಬರೆದಿದ್ದೀರಿ. ಇಲ್ಲ, ಅದು ನೀವು ವೇಳಾಪಟ್ಟಿ ಬರೆಯಲು ಕುಳಿತ ದಿನವೇ ಬಂದಿದೆ. ಆಯ್ದ ಮಕ್ಕಳ ಸೆಕ್ಷನ್ ಯಾರಿಗೆ, ಗದ್ದಲದ ಸೆಕ್ಷನ್ ಯಾರಿಗೆ? ಊಟದ ನಂತರದ ನಿದ್ದೆಗಣ್ಣಿನ ಪೀರಿಯಡ್ ಪ್ರತಿದಿನ ಒಬ್ಬರಿಗೇ ಏಕೆ ಬೀಳುತ್ತದೆ? ಯಾರ ರಜಾ ಅರ್ಜಿಗೆ ಓದದೆ ಸಹಿ ಬೀಳುತ್ತದೆ, ಯಾರ ಅರ್ಜಿಗೆ 'ಏನು ಕಾರಣ?' ಎಂಬ ಪ್ರಶ್ನೆ ಬರುತ್ತದೆ? ತರಬೇತಿಗೆ ಯಾರು ಹೋಗುತ್ತಾರೆ, ಅವರು ಹೋದಾಗ ಅವರ ತರಗತಿಗಳನ್ನು ಯಾರು ಹೊರುತ್ತಾರೆ? ಪೋಷಕರು ಬಂದು ಕೂಗಾಡಿದಾಗ ಯಾರ ಪರವಾಗಿ ಮುಖ್ಯಸ್ಥರ ಬಾಯಿ ತೆರೆಯುತ್ತದೆ? ಸ್ಟಾಫ್ ರೂಮಿನಲ್ಲಿ ಕುಳಿತವರಿಗೆ ಈ ಲೆಕ್ಕ ಬಾಯಿಪಾಠ. ಗೊತ್ತಿಲ್ಲದವರು ಸಾಮಾನ್ಯವಾಗಿ ಮುಖ್ಯಸ್ಥರೊಬ್ಬರೇ.

1959ರಲ್ಲಿ ಜಾನ್ ಫ್ರೆಂಚ್ ಮತ್ತು ಬರ್ಟ್ರಮ್ ರೇವನ್ ಎಂಬ ಮನಶ್ಶಾಸ್ತ್ರಜ್ಞರು ಅಧಿಕಾರದ ಐದು ಮೂಲಗಳನ್ನು ಗುರುತಿಸಿದರು. ಅವುಗಳಲ್ಲಿ ಒಂದು ಬಹುಮಾನ ಕೊಡುವ ಶಕ್ತಿ. ಏನನ್ನಾದರೂ ಕೊಡುವುದಷ್ಟೇ ಅಲ್ಲ, ಬೇಡದ್ದನ್ನು ತಪ್ಪಿಸುವುದೂ ಅವರ ಲೆಕ್ಕದಲ್ಲಿ ಬಹುಮಾನವೇ. ಶಾಲೆಯಲ್ಲಿ ಕೊಡುವುದಕ್ಕೆ ಹೆಚ್ಚೇನೂ ಇರುವುದಿಲ್ಲ. ತಪ್ಪಿಸುವುದಕ್ಕೆ ಮಾತ್ರ ಬೇಕಾದಷ್ಟಿರುತ್ತದೆ: ಪರೀಕ್ಷಾ ಮೇಲ್ವಿಚಾರಣೆ, ದಾಖಲೆ ತುಂಬುವ ಕೆಲಸ, ರಜಾದಿನದ ಕಾರ್ಯಕ್ರಮ. ಬಹುಮಾನದ ವ್ಯವಹಾರ ಬಹುಪಾಲು ಈ ಬಾಗಿಲಿನಿಂದಲೇ ನಡೆಯುತ್ತದೆ, ಯಾವ ಪ್ರಮಾಣಪತ್ರವೂ ಇಲ್ಲದೆ.

ನಾನು ಒಂದು ಶಾಲೆಗೆ ಮುಖ್ಯಸ್ಥನಾಗಿ ಹೋದಾಗ ಹಿಂದಿನವರ ಕಾಲದ ಬದಲಿ ತರಗತಿಗಳ ಪುಸ್ತಕವನ್ನು ತರಿಸಿಕೊಂಡೆ. ಯಾರೋ ರಜೆ ಹಾಕಿದಾಗ ಅವರ ತರಗತಿಗೆ ಯಾರನ್ನು ಕಳಿಸಿದರು ಎಂಬುದು ಅದರಲ್ಲಿರುತ್ತದೆ, ಯಾರೂ ತಿರುಗಿ ನೋಡದ ಪುಸ್ತಕ. ಹೆಸರಿನ ಮುಂದೆ ಗೆರೆ ಎಳೆಯುತ್ತಾ ಹೋದೆ. ಜೀವಶಾಸ್ತ್ರದ ಶಿಕ್ಷಕಿಯೊಬ್ಬರ ಹೆಸರಿನ ಮುಂದೆ ಉಳಿದವರಿಗಿಂತ ಎರಡು ಪಟ್ಟು ಗೆರೆಗಳು ಬಿದ್ದವು. ಗುಮಾಸ್ತರನ್ನು ಕರೆದು ಕೇಳಿದೆ. "ಅವರು ಎದುರಾಡುವುದಿಲ್ಲ, ಸರ್" ಎಂದರು. ಆ ಗುಮಾಸ್ತರು ಕೆಟ್ಟವರಲ್ಲ. ಬೆಳಿಗ್ಗೆ ಗಂಟೆ ಹೊಡೆಯುವುದರೊಳಗೆ ಖಾಲಿ ತರಗತಿಗೆ ಒಬ್ಬರನ್ನು ಹುಡುಕಬೇಕಾದವರು ಯಾರೇ ಆದರೂ ಜಗಳವಾಡದವರ ಕಡೆಗೇ ನೋಡುತ್ತಾರೆ. ಹೆಚ್ಚು ನಿಷ್ಠೆಯಿಂದ ದುಡಿಯುವವರಿಗೆ ಇನ್ನಷ್ಟು ಕೆಲಸ, ಮುಖ ಗಂಟಿಕ್ಕುವವರಿಗೆ ಬಿಡುವು. ಎಂಟು ಹತ್ತು ವರ್ಷ ಹೀಗೆ ನಡೆಸಿ, ಕೊನೆಗೆ ಒಂದು ದಿನ ವೇದಿಕೆಗೆ ಕರೆದು ಪ್ರಮಾಣಪತ್ರ ಕೊಟ್ಟರೆ ಅದನ್ನು ಯಾವ ಕೈಯಿಂದ ತೆಗೆದುಕೊಳ್ಳಬೇಕು ಅವರು?

ಆ ಪುಸ್ತಕವನ್ನು ಸ್ಟಾಫ್ ರೂಮಿನ ಗೋಡೆಗೆ ತೂಗುಹಾಕಿಸಿದೆ. ಬದಲಿ ತರಗತಿ ಸರದಿಯಂತೆ, ಸರದಿ ಎಲ್ಲರ ಕಣ್ಣಿಗೆ ಕಾಣುವಂತೆ. ಗಂಟಿಕ್ಕುವವರು ಬಂದು ಗಂಟಿಕ್ಕಿದರು. ಹಿರಿಯರೊಬ್ಬರು "ನಮ್ಮ ಸೇವೆಗೆ ಇದೇನು ಮರ್ಯಾದೆ?" ಎಂದರು. ಸೇವಾ ಹಿರಿತನಕ್ಕೆ ಕೊಡಬೇಕಾದ ಮರ್ಯಾದೆಯನ್ನು ಕಿರಿಯರ ಬಿಡುವಿನ ಅವಧಿಯಿಂದ ಕತ್ತರಿಸಿ ಕೊಡಲಾಗುವುದಿಲ್ಲ ಎಂದು ಹೇಳಬೇಕಾಯಿತು. ಕೆಲವು ತಿಂಗಳು ಅವರು ನನ್ನೊಡನೆ ಮಾತು ಬಿಟ್ಟಿದ್ದರು. ಜೀವಶಾಸ್ತ್ರದವರು ಬಂದು ಧನ್ಯವಾದ ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. ಆ ವರ್ಷ ವರ್ಗಾವಣೆಗೆ ಹಾಕಿದ್ದ ಅರ್ಜಿಯನ್ನು ಹಿಂದಕ್ಕೆ ಪಡೆದರು. ಕಾರಣ ಇದೊಂದೇ ಎಂದು ಬೀಗುವುದಿಲ್ಲ, ಅವರ ಮಗಳಿಗೂ ಅಲ್ಲೇ ಕಾಲೇಜು ಸಿಕ್ಕಿತ್ತು.

ಇನ್ನು ಆ ಅಂಕಪಟ್ಟಿಯ ವಿಷಯ. ಫಲಿತಾಂಶಕ್ಕೆ 60 ಎಂದಾಗ ನನಗೆ 1862ರ ಇಂಗ್ಲೆಂಡ್ ನೆನಪಾಗುತ್ತದೆ. ರಾಬರ್ಟ್ ಲೋ ಎಂಬ ಮಂತ್ರಿಯ ಕಾಲದಲ್ಲಿ ಶಾಲೆಯ ಅನುದಾನವನ್ನು ಮಕ್ಕಳ ಓದು, ಬರಹ, ಲೆಕ್ಕದ ಪರೀಕ್ಷೆಗೆ ಕಟ್ಟಿಹಾಕಿದರು. ತನಿಖಾಧಿಕಾರಿ ಬಂದು ಮಗುವಿನ ಕೈಗೆ ಪುಸ್ತಕ ಕೊಟ್ಟು ಓದಿಸಿ ಅಂಕ ಹಾಕುತ್ತಿದ್ದ. ಶಿಕ್ಷಕರು ಪುಸ್ತಕವನ್ನೇ ಉರು ಹೊಡೆಸಿದರು, ಮಗು ಪುಸ್ತಕವನ್ನು ತಲೆಕೆಳಗಾಗಿ ಹಿಡಿದರೂ ಪಾಠ ಒಪ್ಪಿಸುವಂತಾಯಿತು. ಆ ಪದ್ಧತಿಯನ್ನು ಕೈಬಿಡಲು ಸುಮಾರು ಮೂರು ದಶಕ ಬೇಕಾಯಿತು. ನಿಮ್ಮ ಭಾಷಾ ಶಿಕ್ಷಕಿ ಈಗ ಅಕ್ಷರ ಕೂಡಿಸಲಾರದ ಮಗುವಿನ ಪಕ್ಕದಲ್ಲಿ ಕೂರುತ್ತಾರಲ್ಲ, ಈ ಪಟ್ಟಿ ಬಂದ ಮೇಲೆ ಆ ಮಗು ಅವರಿಗೆ ನಷ್ಟದ ಬಾಬತ್ತಾಗುತ್ತದೆ. ಅವರು ಆಮೇಲೂ ಕೂರುತ್ತಾರೆ, ಅಂಥವರು ಕೂತೇ ಕೂರುತ್ತಾರೆ. ಆದರೆ ಶಾಲೆಗೆ ಅದು ಬೇಕಿಲ್ಲ ಎಂಬುದು ಅವರಿಗೆ ಲಿಖಿತವಾಗಿ ಗೊತ್ತಾಗಿರುತ್ತದೆ.

'ಮುಖ್ಯೋಪಾಧ್ಯಾಯರ ಅಭಿಪ್ರಾಯಕ್ಕೆ 20' ಎಂಬುದರ ಬಗ್ಗೆ ನನ್ನದು ಒಂದೇ ಮಾತು. ಆ ಸಾಲು ಉಳಿದರೆ ನಿಮ್ಮ ಕೋಣೆಗೆ ಬರುವವರು ಹೆಚ್ಚುತ್ತಾರೆ, ನಿಜ ಹೇಳುವವರು ಕಡಿಮೆಯಾಗುತ್ತಾರೆ.

ಪ್ರಶ್ನೆ ಕೇಳಿದವರು: ಹೊಸ ಮುಖ್ಯೋಪಾಧ್ಯಾಯಿನಿ

ಸರ್, ನಿನ್ನೆ ನಮ್ಮ ಬದಲಿ ತರಗತಿಗಳ ಪುಸ್ತಕವನ್ನು ತೆಗೆದು ನೋಡಿದೆ. ಬಿಟ್ಟು ಹೋದ ಸಮಾಜ ವಿಜ್ಞಾನದವರ ಹೆಸರು ಮೊದಲ ಸ್ಥಾನದಲ್ಲಿತ್ತು. ಎರಡನೆಯ ಹೆಸರು ಆರನೇ ತರಗತಿಯ ಭಾಷಾ ಶಿಕ್ಷಕಿಯದು. ಹೆಚ್ಚು ಹೇಳಬೇಕಾಗಿಲ್ಲ.

ಆದರೆ ಹಣದ ವಿಷಯ ಹಾಗೆಯೇ ಉಳಿಯಿತು. ಮಂಡಳಿ ಹಣವನ್ನು ತೆಗೆದಿಟ್ಟಿದೆ. 'ಬೇಡ' ಎಂದು ಹಿಂದಿರುಗಿಸಿದರೆ ಅದು ಶಿಕ್ಷಕರ ಪಾಲಿನ ಹಣವನ್ನು ನಾನೇ ತಪ್ಪಿಸಿದಂತೆ. ಮೂವರಿಗೆ ಕೊಡುವುದೋ, ಎಲ್ಲರಿಗೂ ಹಂಚುವುದೋ? ಎಲ್ಲರಿಗೂ ಹಂಚಿದರೆ ಅದು ಬಹುಮಾನವೇ ಅಲ್ಲ ಎನ್ನುತ್ತಾರೆ ಮಂಡಳಿಯ ಕಾರ್ಯದರ್ಶಿಗಳು.

ಉತ್ತರ: ಸಂಶೋಧನಾ ವಿದ್ಯಾರ್ಥಿನಿ

ನಾನು ಶಿಕ್ಷಕಿಯಾಗಿದ್ದವಳು, ಈಗ ಶಾಲಾ ಆಡಳಿತದ ಬಗ್ಗೆ ಪಿಎಚ್‌ಡಿ ಮಾಡುತ್ತಿದ್ದೇನೆ. ಈ ಚರ್ಚೆಯಲ್ಲಿ ಎರಡು ಬೇರೆ ಸಂಗತಿಗಳು ಬೆರೆತುಹೋಗಿವೆ ಎನ್ನಿಸಿತು. ಆಂಧ್ರದ ಪ್ರಯೋಗ ಅಳೆದದ್ದು ಮಕ್ಕಳ ಕಲಿಕೆಯನ್ನು, ಮಂಡಳಿ ಕೇಳುತ್ತಿರುವುದು ಶಿಕ್ಷಕರ ಬದ್ಧತೆಯನ್ನು. ಆ ಪ್ರಯೋಗದಲ್ಲೇ ನೋಡಿ: ಬೋನಸ್ ಬಂದ ಮೇಲೆ ಹೆಚ್ಚುವರಿ ತರಗತಿ ತೆಗೆದುಕೊಂಡೆವು, ಅಭ್ಯಾಸ ಪರೀಕ್ಷೆ ಕೊಟ್ಟೆವು ಎಂದು ಶಿಕ್ಷಕರು ಹೇಳಿದರು, ಆದರೆ ಅವರ ಗೈರುಹಾಜರಿ ಮಾತ್ರ ಕಡಿಮೆಯಾಗಲಿಲ್ಲ. ಕೀನ್ಯಾದಲ್ಲಿ ಅರ್ಥಶಾಸ್ತ್ರಜ್ಞ ಮೈಕೆಲ್ ಕ್ರೆಮರ್ ಮತ್ತು ಸಂಗಡಿಗರು ನಡೆಸಿದ ಪ್ರಯೋಗದಲ್ಲೂ ಗೈರುಹಾಜರಿ ಇದ್ದಷ್ಟೇ ಇತ್ತು. ಪರೀಕ್ಷೆಗೆ ತಯಾರು ಮಾಡುವ ತರಗತಿಗಳು ಹೆಚ್ಚಿದವು, ಅಂಕ ಏರಿತು, ಯೋಜನೆ ಮುಗಿದ ಮೇಲೆ ಆ ಏರಿಕೆ ಉಳಿಯಲಿಲ್ಲ.

ಬದ್ಧತೆಯ ಬಗ್ಗೆ ನನ್ನ ಕ್ಷೇತ್ರದಲ್ಲಿ ಹೆಚ್ಚು ಬಳಕೆಯಲ್ಲಿರುವುದು ಮನಶ್ಶಾಸ್ತ್ರಜ್ಞರಾದ ಜಾನ್ ಮೇಯರ್ ಮತ್ತು ನಟಾಲಿ ಆಲೆನ್ 1991ರಲ್ಲಿ ಮಾಡಿದ ವಿಂಗಡಣೆ. ಇಲ್ಲಿರಲು ಇಷ್ಟವಿದೆ ಎಂದು ಉಳಿಯುವವರು, ಬಿಟ್ಟರೆ ನಷ್ಟ ಎಂದು ಉಳಿಯುವವರು, ಬಿಡುವುದು ಸರಿಯಲ್ಲ ಎಂಬ ಋಣಭಾವದಿಂದ ಉಳಿಯುವವರು. ಹಾಜರಿ ಪುಸ್ತಕದಲ್ಲಿ ಮೂವರ ಸಹಿಯೂ ಒಂದೇ ರೀತಿ ಕಾಣುತ್ತದೆ. ತರಗತಿಯಲ್ಲಿ ಅವರು ಒಂದೇ ಅಲ್ಲ. ಷರತ್ತು ಹಾಕಿ ಕೊಡುವ ಹಣ ಎರಡನೆಯ ಬಗೆಯ ಬದ್ಧತೆಯನ್ನು ಬೆಳೆಸಬಲ್ಲದು, ಹೆಚ್ಚು ಕೊಡುವವರು ಸಿಗುವವರೆಗೆ. ಮೊದಲನೆಯ ಬಗೆ ಬೆಳೆಯುವುದು ನ್ಯಾಯ ಮತ್ತು ಬೆಂಬಲದ ಅನುಭವದಿಂದ. ಹಾಗಾಗಿ ಆ ಗೋಡೆಯ ಮೇಲಿನ ಪುಸ್ತಕದ ವಿಷಯದಲ್ಲಿ ನಿವೃತ್ತ ಮುಖ್ಯೋಪಾಧ್ಯಾಯರ ಮಾತಿಗೆ ನನ್ನ ಪೂರ್ಣ ಸಹಮತವಿದೆ.

ಅವರ ಮಾತಿಗೆ ಎದುರಾಗಿ ನಿಲ್ಲುವ ಒಂದು ಅಧ್ಯಯನವನ್ನೂ ಹೇಳಬೇಕು. ಡೇಟಾ ಎಂಟ್ರಿ ಕೆಲಸಕ್ಕೆ ಬಂದವರನ್ನು ಗುಂಪುಗಳಾಗಿ ಮಾಡಿ, ಕೆಲವು ಗುಂಪುಗಳಲ್ಲಿ ಚೆನ್ನಾಗಿ ಕೆಲಸ ಮಾಡಿದ ಕೆಲವರಿಗಷ್ಟೇ ಮುಂಚಿತವಾಗಿ ತಿಳಿಸದೆ ಧನ್ಯವಾದ ಪತ್ರ ಕೊಟ್ಟರು. ಆಮೇಲೆ ಕೆಲಸ ಹೆಚ್ಚಿತು. ಹೆಚ್ಚಿಸಿದವರು ಪತ್ರ ಸಿಕ್ಕವರಲ್ಲ, ಮುಖ್ಯವಾಗಿ ಸಿಗದವರು. 2016ರಲ್ಲಿ ಪ್ರಕಟವಾದ ಪ್ರಯೋಗ ಅದು. ಅಂದರೆ ಕೆಲವರನ್ನು ಮಾತ್ರ ಗುರುತಿಸಿದರೆ ಉಳಿದವರು ಕುಗ್ಗಿಯೇ ಹೋಗುತ್ತಾರೆ ಎನ್ನಲಾಗದು. ಆದರೆ ಅದು ಕೆಲವೇ ಗಂಟೆಗಳ ಕೆಲಸ. ಆ ಜನ ಮರುದಿನ ಒಂದೇ ಸ್ಟಾಫ್ ರೂಮಿನಲ್ಲಿ ಕೂರಬೇಕಾಗಿರಲಿಲ್ಲ. ಕೆಲಸ ಒಂದೇ ಬಗೆಯದು, ಯಾರು ಹೆಚ್ಚು ಮಾಡಿದರು ಎಂಬುದು ಎಣಿಸಿದರೆ ತಿಳಿಯುವಂಥದ್ದು. ಭೌತಶಾಸ್ತ್ರದವರನ್ನೂ ಆರನೇ ತರಗತಿಯ ಭಾಷಾ ಶಿಕ್ಷಕಿಯನ್ನೂ ಹಾಗೆ ಎಣಿಸಲಾಗುವುದಿಲ್ಲ.

ಕಾರ್ಯದರ್ಶಿಗಳಿಗೆ ಹೇಳಲು ಎರಡು ಉದಾಹರಣೆಗಳಿವೆ. ಅಮೆರಿಕದ ನ್ಯಾಶ್‌ವಿಲ್‌ ನಗರದಲ್ಲಿ 2006ರಿಂದ ಮೂರು ಶೈಕ್ಷಣಿಕ ವರ್ಷ ಸುಮಾರು 300 ಗಣಿತ ಶಿಕ್ಷಕರು ಭಾಗವಹಿಸಿದ ಪ್ರಯೋಗದಲ್ಲಿ ಒಬ್ಬೊಬ್ಬರಿಗೆ ವರ್ಷಕ್ಕೆ 15,000 ಡಾಲರ್‌ವರೆಗೆ ಬೋನಸ್ ಇಟ್ಟಿದ್ದರು. ಒಟ್ಟಾರೆಯಾಗಿ ನೋಡಿದರೆ ಮಕ್ಕಳ ಅಂಕದಲ್ಲಿ ವ್ಯತ್ಯಾಸ ಕಾಣಲಿಲ್ಲ. ನ್ಯೂಯಾರ್ಕ್ ನಗರ 2007ರಲ್ಲಿ ಇನ್ನೊಂದು ದಾರಿ ಹಿಡಿಯಿತು. ಗುರಿ ಮುಟ್ಟಿದ ಶಾಲೆಗೆ ಪ್ರತಿ ಶಿಕ್ಷಕರಿಗೆ 3,000 ಡಾಲರ್ ಲೆಕ್ಕದಲ್ಲಿ ಹಣ, ಹಂಚುವುದು ಶಾಲೆಯದೇ ಸಮಿತಿ. ಬಹಳಷ್ಟು ಸಮಿತಿಗಳು ಹೆಚ್ಚುಕಡಿಮೆ ಸಮವಾಗಿ ಹಂಚಿದವು. ಅಲ್ಲಿಯೂ ಅಂಕ ಏರಲಿಲ್ಲ, 2011ರಲ್ಲಿ ಯೋಜನೆ ನಿಂತಿತು. ಯೋಜನೆಯ ಭವಿಷ್ಯ ಬಿಡಿ, ನನಗೆ ಆಸಕ್ತಿ ಹುಟ್ಟಿಸುವುದು ಆ ಸಮಿತಿಗಳ ನಿರ್ಧಾರ. ಹಂಚುವ ಅಧಿಕಾರ ಕೈಗೆ ಬಂದಾಗ ಶಿಕ್ಷಕರು ತಮ್ಮ ನಡುವೆ ಶ್ರೇಣಿ ಹಾಕಲು ಹೋಗಲಿಲ್ಲ.

ಉತ್ತರ: ಒಮ್ಮೆ ಪ್ರಶಸ್ತಿ ಪಡೆದವಳು

ಚಿಕ್ಕದಾಗಿ ಹೇಳುತ್ತೇನೆ. ನನಗೆ ಇಂಥ ಪ್ರಶಸ್ತಿ ಬಂದಿತ್ತು. ಪ್ರಮಾಣಪತ್ರದಲ್ಲಿ 'ಅವಿರತ ಶ್ರಮ, ಅನುಪಮ ಸೇವೆ' ಎಂದಿತ್ತು. ನನ್ನ ಜೊತೆ ಪಡೆದ ಇಬ್ಬರ ಪತ್ರಗಳಲ್ಲೂ ಅದೇ. ನಾನು ಏನು ಮಾಡಿದೆ ಎಂದು ಕೊಟ್ಟ ಕೈಗೂ ಗೊತ್ತಿರಲಿಲ್ಲ. ಅದರ ನಂತರ ಕೆಲವು ಸಹೋದ್ಯೋಗಿಗಳು ಪ್ರತಿ ಕಷ್ಟದ ಕೆಲಸಕ್ಕೂ "ಪ್ರಶಸ್ತಿ ಬಂದವರು ಮಾಡಲಿ" ಎನ್ನತೊಡಗಿದರು.

ಅದಕ್ಕೂ ಮುಂಚೆ ಬೇರೆ ಶಾಲೆಯಲ್ಲಿದ್ದಾಗ ಮುಖ್ಯೋಪಾಧ್ಯಾಯಿನಿಯೊಬ್ಬರು ನನ್ನ ತರಗತಿಯ ಕೊನೆಯ ಬೆಂಚಿನಲ್ಲಿ ಒಂದು ಪೀರಿಯಡ್ ಕುಳಿತು ಹೋಗಿದ್ದರು. ಸಂಜೆ ಕರೆದು, "ಮೂರನೇ ಒಂದು, ನಾಲ್ಕನೇ ಒಂದು, ಇವುಗಳಲ್ಲಿ ಯಾವುದು ದೊಡ್ಡದು ಎಂದು ಕೇಳಿ, ತಪ್ಪು ಉತ್ತರ ಹೇಳಿದ ಹುಡುಗನಿಂದಲೇ ಕಾಗದ ಮಡಿಸಿ ತೋರಿಸಿದಿರಲ್ಲ, ಅವನಿಗೆ ಅವಮಾನವಾಗದಂತೆ ಅದನ್ನು ಹೇಗೆ ಮಾಡಿದಿರಿ? ನನ್ನ ತರಗತಿಯಲ್ಲಿ ಹಾಗೆ ಮಾಡಲು ಹೋದಾಗ ಮಗು ಅತ್ತುಬಿಟ್ಟಿತು" ಎಂದರು. ಅಷ್ಟೇ. ಆ ಶಾಲೆಯಿಂದ ನಾನು ಬಂದದ್ದು ಮನೆಯ ಕಾರಣಕ್ಕೆ, ಇಷ್ಟವಿಲ್ಲದೆ.

ಉತ್ತರ: ಗುತ್ತಿಗೆ ಶಿಕ್ಷಕ

ಎಲ್ಲವನ್ನೂ ಓದಿದೆ. ಒಂದು ಪ್ರಶ್ನೆ ಮೇಡಂ. ಆ ಕಡತದಲ್ಲಿ 'ಕಾಯಂ ಶಿಕ್ಷಕರಿಗೆ ಮಾತ್ರ' ಎಂಬ ಸಾಲು ಎಲ್ಲಾದರೂ ಇದೆಯೇ? ಇಂಥ ಯೋಜನೆಗಳಲ್ಲಿ ಅದು ಸಾಮಾನ್ಯವಾಗಿ ಕೊನೆಯ ಪುಟದಲ್ಲಿ ಇರುತ್ತದೆ.

ಪ್ರಶ್ನೆ ಕೇಳಿದವರು: ಹೊಸ ಮುಖ್ಯೋಪಾಧ್ಯಾಯಿನಿ

ಇದೆ. ಕೊನೆಯ ಪುಟದಲ್ಲೇ ಇದೆ. ನಮ್ಮಲ್ಲಿ ಗುತ್ತಿಗೆಯ ಮೇಲಿರುವವರು ಮೂರನೇ ಒಂದು ಭಾಗದಷ್ಟು. ಅದೇ ಪುಟದಲ್ಲಿ ಇನ್ನೊಂದು ಸಾಲೂ ಇದೆ, ಅದನ್ನು ಬರೆಯಲು ಸಂಕೋಚವಾಗುತ್ತಿದೆ. ಶಾಲೆಯ ಒಟ್ಟು ಫಲಿತಾಂಶ ನಿಗದಿತ ಶೇಕಡಾವಾರು ದಾಟಿದರೆ ಮುಖ್ಯೋಪಾಧ್ಯಾಯರಿಗೂ ಪ್ರತ್ಯೇಕ ಪ್ರೋತ್ಸಾಹಧನ. ಅದು ಶಿಕ್ಷಕರದಕ್ಕಿಂತ ದೊಡ್ಡದು. ಸಿಬ್ಬಂದಿಗೆ ಇದು ತಿಳಿಯಬೇಕಾಗಿಲ್ಲ ಎಂದು ಕಾರ್ಯದರ್ಶಿಗಳು ಹೇಳಿದ್ದಾರೆ.

ಉತ್ತರ: ನಿವೃತ್ತ ಮುಖ್ಯೋಪಾಧ್ಯಾಯ

ಈಗ ಪೂರ್ತಿ ಚಿತ್ರ ಬಂತು. ಮೇಡಂ, ಆ ಕಡತದಲ್ಲಿ ಮೊದಲು ಹರಿದುಹಾಕಬೇಕಾದ ಸಾಲು ಇದೇ.

ಸಿಬ್ಬಂದಿಗೆ ತಿಳಿಯುವುದಿಲ್ಲ ಎಂಬ ಭ್ರಮೆಯನ್ನು ಮೊದಲು ಬಿಡೋಣ. ವೇತನ ಪಟ್ಟಿ ಮಾಡುವ ಗುಮಾಸ್ತರಿಗೆ ತಿಳಿಯುತ್ತದೆ, ಅಂದರೆ ವಾರದೊಳಗೆ ಎಲ್ಲರಿಗೂ ತಿಳಿಯುತ್ತದೆ. ಆಮೇಲೆ ನೀವು ಯಾವ ಶಿಕ್ಷಕರ ಬಳಿ ಹೋಗಿ "ಆ ಹಿಂದುಳಿದ ಮಕ್ಕಳಿಗೆ ಇನ್ನಷ್ಟು ಗಮನ ಕೊಡಿ" ಎಂದರೂ ಅವರ ಕಿವಿಗೆ ಬೀಳುವುದು ನಿಮ್ಮ ಬೋನಸ್ಸಿನ ಸದ್ದು. ನಿಮ್ಮ ಪ್ರಾಮಾಣಿಕ ಕಾಳಜಿಗೂ ಬೆಲೆಪಟ್ಟಿ ಅಂಟಿಕೊಳ್ಳುತ್ತದೆ. ನೀವು ಮೆಚ್ಚಿದರೆ ಅದು ಹೂಡಿಕೆ, ನೀವು ಗದರಿದರೆ ಅದು ವಸೂಲಿ.

ಹೆಚ್ಚಿನ ಅಪಾಯವೂ ಇದೆ. ಅಮೆರಿಕದ ಅಟ್ಲಾಂಟಾ ನಗರದ ಶಾಲೆಗಳಲ್ಲಿ ಮೇಲಿನವರ ಬೋನಸ್ ಮತ್ತು ಹುದ್ದೆ ಎರಡೂ ಅಂಕದ ಗುರಿಗೆ ಕಟ್ಟಿಕೊಂಡಿದ್ದವು. 2011ರಲ್ಲಿ ಬಂದ ತನಿಖಾ ವರದಿಯ ಪ್ರಕಾರ 44 ಶಾಲೆಗಳಲ್ಲಿ ಉತ್ತರ ಪತ್ರಿಕೆಗಳ ಅಕ್ರಮ ನಡೆದಿತ್ತು, ಅದರಲ್ಲಿ 178 ಮಂದಿ ಭಾಗಿಗಳಾಗಿದ್ದರು. ಅವರಲ್ಲಿ 38 ಮಂದಿ ಶಾಲಾ ಮುಖ್ಯಸ್ಥರೇ. ತಪ್ಪು ಉತ್ತರವನ್ನು ಅಳಿಸಿ ಸರಿ ಉತ್ತರವನ್ನು ತುಂಬಿದ ಕೈಗಳಲ್ಲಿ ಶಿಕ್ಷಕರವೂ ಇದ್ದವು. ಅವರೆಲ್ಲ ಆ ಕೆಲಸಕ್ಕೆಂದು ಈ ವೃತ್ತಿಗೆ ಬಂದವರಲ್ಲ. ಮುಖ್ಯಸ್ಥನ ಬೋನಸ್ ಆತನ ಕೋಣೆಯಲ್ಲೇ ಉಳಿಯುವುದಿಲ್ಲ, ಒತ್ತಡವಾಗಿ ಮೆಟ್ಟಿಲಿಳಿದು ಕೊನೆಗೆ ಮಗುವಿನ ಉತ್ತರ ಪತ್ರಿಕೆಯವರೆಗೆ ಬರುತ್ತದೆ.

ನೀವು ಹೊಸಬರು, ಮಂಡಳಿಯ ಮುಂದೆ ಇದನ್ನು ನಿರಾಕರಿಸುವುದು ಸುಲಭವಲ್ಲ ಎಂಬುದು ನನಗೆ ಗೊತ್ತು. ಅಹಂಕಾರದಂತೆಯೂ ಕಾಣಬಹುದು. ಹಾಗಾಗಿ ನಿರಾಕರಿಸಬೇಡಿ, ಬದಲಾಯಿಸಿ. 'ನನ್ನ ಪಾಲಿನದನ್ನೂ ಸೇರಿಸಿ ಗುತ್ತಿಗೆಯವರಿಗೆ ಕೊಡಿ' ಎಂದು ಬರೆದುಕೊಡಿ. ಉಳಿತಾಯದ ಕಾರಣ ಹೇಳಿ ಅವರನ್ನು ಹೊರಗಿಟ್ಟಿದ್ದರೆ ಆ ಕಾರಣ ಅಲ್ಲಿಗೆ ಮುಗಿಯುತ್ತದೆ.

ಪ್ರಶ್ನೆ ಕೇಳಿದವರು: ಹೊಸ ಮುಖ್ಯೋಪಾಧ್ಯಾಯಿನಿ

ಕರಡು ಬರೆದಿದ್ದೇನೆ. ನನ್ನ ಪಾಲಿನ ಸಾಲನ್ನು ತೆಗೆದು ಆ ಮೊತ್ತವನ್ನು ಒಟ್ಟು ನಿಧಿಗೆ ಸೇರಿಸಿದ್ದೇನೆ. ನಿಧಿಯ ಹೆಚ್ಚಿನ ಪಾಲು ಗುತ್ತಿಗೆಯವರು, ಗ್ರಂಥಪಾಲಕರು, ದೈಹಿಕ ಶಿಕ್ಷಣದವರು ಸೇರಿ ಎಲ್ಲರಿಗೂ ಸಮವಾಗಿ. ಅದನ್ನು ಬಹುಮಾನ ಎಂದು ಕರೆಯದೆ ವರ್ಷಾಂತ್ಯದ ಪಾಲು ಎಂದೇ ಕರೆದಿದ್ದೇನೆ, ಕಾರ್ಯದರ್ಶಿಗಳ ಆಕ್ಷೇಪಕ್ಕೆ ಜಾಗವಿರಬಾರದೆಂದು. ಉಳಿದ ಹಣ ಶಿಕ್ಷಕರು ತಮ್ಮ ತರಗತಿಗೆ ಬೇಕಾದದ್ದನ್ನು ಕೇಳಿ ಪಡೆಯಲು: ಓದುವ ಚೀಟಿಗಳು, ಪ್ರಯೋಗದ ಸಾಮಾನು, ಯಾವುದೇ ಆಗಲಿ. ಅರ್ಜಿ ಅರ್ಧ ಪುಟ ಮೀರಬಾರದು ಎಂದೂ ಬರೆದಿದ್ದೇನೆ, ಇಲ್ಲದಿದ್ದರೆ ಅದೂ ಒಂದು ದಾಖಲೆ ತುಂಬುವ ಕೆಲಸವಾಗುತ್ತದೆ.

ವೇದಿಕೆ ಬೇಕೇ ಬೇಕು ಎನ್ನುತ್ತಿದ್ದಾರೆ. ಇರಲಿ, ಒಪ್ಪಿದ್ದೇನೆ. ಆದರೆ ಅಲ್ಲಿ ಓದುವುದು ಅಂಕವನ್ನಲ್ಲ. ಪ್ರತಿಯೊಬ್ಬರೂ ಆ ವರ್ಷ ಮಾಡಿದ ಒಂದು ಕೆಲಸವನ್ನು ಎರಡು ಮೂರು ವಾಕ್ಯಗಳಲ್ಲಿ ನಾನೇ ಬರೆದು ಓದುತ್ತೇನೆ. ಅದಕ್ಕಾಗಿ ಎಲ್ಲರ ತರಗತಿಗಳಲ್ಲಿ ಹೋಗಿ ಕೂರಬೇಕಾಗುತ್ತದೆ, ಕಚೇರಿಯ ಕೆಲಸ ಬಾಕಿ ಬೀಳುತ್ತದೆ, ಬೀಳಲಿ. ಬದಲಿ ತರಗತಿಗಳ ಪುಸ್ತಕ ಸೋಮವಾರದಿಂದ ಗೋಡೆಯ ಮೇಲಿದೆ. ಭೌತಶಾಸ್ತ್ರದವರಿಗೆ ಮುಂದಿನ ವರ್ಷ ಬೇರೆ ಸೆಕ್ಷನ್ ಎಂದೂ ಹೇಳಿದೆ. ಅವರು ಬೇಸರಪಡುತ್ತಾರೆ ಎಂದುಕೊಂಡಿದ್ದೆ, "ಆಯ್ದ ಮಕ್ಕಳಿಗೆ ಕಲಿಸಿ ಗೆದ್ದೆ ಎಂದು ಜನ ಹಿಂದೆ ಆಡಿಕೊಳ್ಳುವುದು ನನಗೂ ಗೊತ್ತು" ಎಂದರು.

ಒಂದು ಸಾಲು ಮಾತ್ರ ಉಳಿದಿದೆ. ಹಾಜರಾತಿಗೆ ಏನಾದರೂ ಇರಲೇಬೇಕು ಎಂಬುದು ಅಧ್ಯಕ್ಷರ ಪಟ್ಟು. ವರ್ಷವಿಡೀ ರಜೆ ಹಾಕದವರಿಗೆ ಒಂದು ಸಣ್ಣ ಪ್ರಮಾಣಪತ್ರ ಕೊಟ್ಟರೆ ತೊಂದರೆಯೇನು?

ಉತ್ತರ: ಸಂಶೋಧನಾ ವಿದ್ಯಾರ್ಥಿನಿ

ಶಿಕ್ಷಕರ ಮೇಲಲ್ಲ, 15,000ಕ್ಕೂ ಹೆಚ್ಚು ವಿದ್ಯಾರ್ಥಿಗಳ ಮೇಲೆ ಇದನ್ನೇ ಪರೀಕ್ಷಿಸಿದ್ದಾರೆ. ಒಂದು ತಿಂಗಳು ಒಂದು ದಿನವೂ ತಪ್ಪದೆ ಬಂದರೆ ಪ್ರಮಾಣಪತ್ರ ಸಿಗುತ್ತದೆ ಎಂದು ಮೊದಲೇ ಹೇಳಿದ ಗುಂಪಿನಲ್ಲಿ ಸರಾಸರಿ ಹಾಜರಾತಿ ಬದಲಾಗಲಿಲ್ಲ. ಹಿಂದೆ ತಪ್ಪದೆ ಬಂದಿದ್ದಕ್ಕೆ ಅನಿರೀಕ್ಷಿತವಾಗಿ ಕೊಟ್ಟ ಗುಂಪಿನಲ್ಲಿ ಮುಂದೆ ಹಾಜರಾತಿ ಕುಸಿಯಿತು. ನೀವು ಬೇಕಾದುದಕ್ಕಿಂತ ಹೆಚ್ಚು ಬರುತ್ತಿದ್ದೀರಿ, ಉಳಿದವರು ಇಷ್ಟು ಬರುವುದಿಲ್ಲ ಎಂಬ ಸಂದೇಶ ಆ ಪ್ರಮಾಣಪತ್ರದಿಂದಲೇ ಹೋಯಿತು ಎಂಬುದು ಸಂಶೋಧಕರ ವಿವರಣೆ. ಶಿಕ್ಷಕರಲ್ಲೂ ಹಾಗೆಯೇ ಆಗುತ್ತದೆ ಎಂದು ನಾನು ಹೇಳಲಾರೆ, ಆದರೆ ಅಧ್ಯಕ್ಷರ ಹಟಕ್ಕೆ ಇದು ಬೆಂಬಲವಂತೂ ಅಲ್ಲ.

ಉತ್ತರ: ಒಮ್ಮೆ ಪ್ರಶಸ್ತಿ ಪಡೆದವಳು

ಅಧ್ಯಕ್ಷರಿಗೆ ಇದನ್ನೂ ಹೇಳಿ: ರಜೆ ಹಾಕದವರಿಗೆ ಪ್ರಮಾಣಪತ್ರ ಎಂದರೆ ಹೆರಿಗೆ ರಜೆಗೆ ಹೋದವರಿಗೆ, ತಾಯಿ ಆಸ್ಪತ್ರೆಯಲ್ಲಿದ್ದವರಿಗೆ ಎಂದೂ ಸಿಗದ ಪ್ರಮಾಣಪತ್ರ. ಜ್ವರ ಬಂದವರು ಪ್ರಮಾಣಪತ್ರದ ಆಸೆಗೆ ಮಕ್ಕಳ ನಡುವೆ ಕೆಮ್ಮುತ್ತಾ ನಿಲ್ಲುವುದೂ ಆಗುತ್ತದೆ. ನಿಯಮ ಮೀರಿ ಗೈರಾಗುವವರಿದ್ದರೆ ಅವರೊಡನೆ ಕೋಣೆಯಲ್ಲಿ ಕುಳಿತು ನೇರವಾಗಿ ಮಾತನಾಡಿ, ಅದಕ್ಕೆ ರಜಾ ನಿಯಮವೇ ಇದೆ. ಆ ಸಾಲನ್ನೂ ತೆಗೆದೇ ಕರಡನ್ನು ಕಳಿಸಿ.